ಮಾರ್ಚ್ ಮ್ಯಾಡ್‌ನೆಸ್‌ಗೆ ಮುಂಚೆ ಒಂದು ಕಾಲೇಜು ತಂಡವನ್ನು ಅಳೆಯುವುದು ಹೇಗೆ?

ಮಾರ್ಚ್ ಮಧ್ಯದ ಒಂದು ಭಾನುವಾರ ಸಂಜೆ ಅಮೆರಿಕದ ಟಿವಿಯಲ್ಲಿ ಮಾರ್ಚ್ ಮ್ಯಾಡ್‌ನೆಸ್ ಅನ್ನುವ ಕಾಲೇಜು ಬಾಸ್ಕೆಟ್‌ಬಾಲ್ ನಾಕೌಟ್ ಟೂರ್ನಿಗೆ ಆಯ್ಕೆಯಾದ 68 ಕಾಲೇಜುಗಳ ಹೆಸರು ಓದುತ್ತಾರೆ. ಆಮೇಲೆ ಗುರುವಾರ ಮಧ್ಯಾಹ್ನದವರೆಗೆ ಅಲ್ಲಿನ ಆಫೀಸುಗಳಲ್ಲಿ ಅದೇ ಮಾತು. ಯಾರು ಯಾರನ್ನು ಸೋಲಿಸುತ್ತಾರೆ, ಕೊನೆಗೆ ಕಪ್ ಯಾರಿಗೆ ಅಂತ ಎಲ್ಲರೂ ಮೊದಲೇ ತುಂಬಿ ಕೊಡಬೇಕು. ಆ ಪಟ್ಟಿಗೆ ಬ್ರಾಕೆಟ್ ಅನ್ನುತ್ತಾರೆ. ಡಲ್ಲಾಸ್‌ನಲ್ಲೋ ಸ್ಯಾನ್ ಹೊಸೆಯಲ್ಲೋ ಕೆಲಸ ಮಾಡುವ ನಮ್ಮವರ ಇಮೇಲ್‌ಗೂ ಅದು ಬಂದು ಬೀಳುತ್ತದೆ. ಆಟ ಅಷ್ಟಾಗಿ ಗೊತ್ತಿಲ್ಲದವರು ಸಾಮಾನ್ಯವಾಗಿ ಮಾಡುವುದು ಒಂದೇ ಕೆಲಸ: ತಂಡದ ಹೆಸರಿನ ಪಕ್ಕ ಇರುವ 28-5, 25-8 ಅನ್ನೋ ಗೆಲುವು-ಸೋಲಿನ ಲೆಕ್ಕ ನೋಡುತ್ತಾರೆ, ಜಾಸ್ತಿ ಗೆದ್ದವರಿಗೆ ಟಿಕ್ ಹಾಕುತ್ತಾರೆ. ಆ ಲೆಕ್ಕ ಇಡೀ ಪುಟದಲ್ಲಿ ಅತ್ಯಂತ ಕಡಿಮೆ ಉಪಯೋಗಕ್ಕೆ ಬರುವ ಅಂಕಿ. ಎಷ್ಟು ಗೆದ್ದರು ಅನ್ನುವುದು ಬಿಡಿ. ಯಾರ ಮೇಲೆ, ಎಲ್ಲಿ, ಹೇಗೆ ಗೆದ್ದರು ಅಂತ ನೋಡಿ.

2023ರ ಯೂಕಾನ್, ಅಂದರೆ ಕನೆಕ್ಟಿಕಟ್ ವಿಶ್ವವಿದ್ಯಾಲಯದ ತಂಡವನ್ನೇ ತಗೊಳ್ಳಿ. ಸೀಸನ್ ಶುರುವಿನಲ್ಲಿ ಸತತ 14 ಪಂದ್ಯ ಗೆದ್ದರು. ಅದರ ಬೆನ್ನಿಗೇ ಎಂಟು ಪಂದ್ಯಗಳಲ್ಲಿ ಆರು ಸೋತರು. ಟೂರ್ನಿ ಹೊತ್ತಿಗೆ ಲೆಕ್ಕ 25 ಗೆಲುವು, 8 ಸೋಲು. ತಂಡಗಳನ್ನು ನಾಲ್ಕು ಗುಂಪು ಮಾಡಿ ಪ್ರತಿ ಗುಂಪಿನಲ್ಲೂ 1ರಿಂದ 16ರವರೆಗೆ ಶ್ರೇಯಾಂಕ ಕೊಡುತ್ತಾರೆ, ಅದಕ್ಕೆ ಸೀಡ್ ಅನ್ನುತ್ತಾರೆ. ಆಯ್ಕೆ ಸಮಿತಿ ಇವರಿಗೆ 4ನೇ ಸೀಡ್ ಕೊಟ್ಟಿತು. ನಾಲ್ಕು ಗುಂಪುಗಳಲ್ಲಿ ಒಂದೊಂದರಲ್ಲೂ ಮೂರು ತಂಡ ಇವರಿಗಿಂತ ಮೇಲೆ, ಅಂದರೆ ಒಟ್ಟು 12 ತಂಡ ಮೇಲಿವೆ ಎಂದಾಯಿತು. ಆದರೆ ಪ್ರತಿ ಬಾರಿ ಚೆಂಡು ಕೈಗೆ ಬಂದಾಗ ಏನು ಮಾಡಿದರು ಅಂತ ಲೆಕ್ಕ ಇಡುವವರ ಪಟ್ಟಿಯಲ್ಲಿ ಇದೇ ತಂಡ ದೇಶದ ಮೊದಲ ಐದರೊಳಗಿತ್ತು. ಟೂರ್ನಿಯಲ್ಲಿ ಆರು ಪಂದ್ಯ ಆಡಿದರು, ಆರೂ ಗೆದ್ದರು, ಒಂದರಲ್ಲೂ ಅಂತರ 13 ಅಂಕಕ್ಕಿಂತ ಕಡಿಮೆ ಆಗಲಿಲ್ಲ. ಮರುವರ್ಷವೂ ಅವರೇ ಚಾಂಪಿಯನ್.

ಹಾಗಾದರೆ ಈ 68 ತಂಡ ಎಲ್ಲಿಂದ ಬರುತ್ತವೆ? ಅಮೆರಿಕದ ಕಾಲೇಜು ಕ್ರೀಡೆ ನಡೆಸುವ ಎನ್‌ಸಿಎಎ ಸಂಸ್ಥೆಯ ಅತಿ ಮೇಲಿನ ದರ್ಜೆಯಾದ ಡಿವಿಷನ್ 1ರಲ್ಲಿ 360ಕ್ಕಿಂತ ಜಾಸ್ತಿ ಕಾಲೇಜುಗಳಿವೆ. ಇವೆಲ್ಲ ಕಾನ್ಫರೆನ್ಸ್ ಅನ್ನುವ 31 ಲೀಗ್‌ಗಳಲ್ಲಿ ಹಂಚಿಹೋಗಿವೆ. ಪ್ರತಿ ಕಾನ್ಫರೆನ್ಸ್‌ಗೂ ಮಾರ್ಚ್ ಮೊದಲ ಎರಡು ವಾರದಲ್ಲಿ ತನ್ನದೇ ಒಂದು ನಾಕೌಟ್ ಟೂರ್ನಿ ಇರುತ್ತದೆ, ಅದನ್ನು ಗೆದ್ದವರಿಗೆ ನೇರ ಪ್ರವೇಶ. ಉಳಿದ 37 ಜಾಗ ತುಂಬುವುದು 12 ಜನರ ಆಯ್ಕೆ ಸಮಿತಿ. ಕಾಲೇಜುಗಳ ಕ್ರೀಡಾ ನಿರ್ದೇಶಕರು, ಕಾನ್ಫರೆನ್ಸ್ ಕಮಿಷನರ್‌ಗಳು ಅದರಲ್ಲಿರುತ್ತಾರೆ. 1939ರಲ್ಲಿ ಎಂಟೇ ತಂಡಗಳೊಂದಿಗೆ ಶುರುವಾದ ಟೂರ್ನಿ 1985ರಲ್ಲಿ 64ಕ್ಕೆ, 2011ರಲ್ಲಿ 68ಕ್ಕೆ ಬೆಳೆಯಿತು. ಕೊನೆಯ ನಾಲ್ಕು ಜಾಗಕ್ಕೆ ಓಹಿಯೋದ ಡೇಟನ್‌ನಲ್ಲಿ ಮಂಗಳವಾರ, ಬುಧವಾರ ಎಂಟು ತಂಡ ಆಡುತ್ತವೆ. ಇದಕ್ಕೆ ಫಸ್ಟ್ ಫೋರ್ ಎಂದು ಹೆಸರು. ಇದನ್ನು ಲೆಕ್ಕಕ್ಕಿಲ್ಲದ ಆಟ ಅಂದುಕೊಳ್ಳಬೇಡಿ. 2011ರಲ್ಲಿ ವರ್ಜೀನಿಯಾ ಕಾಮನ್‌ವೆಲ್ತ್, 2021ರಲ್ಲಿ ಯುಸಿಎಲ್‌ಎ ಫಸ್ಟ್ ಫೋರ್‌ನಿಂದಲೇ ಶುರುಮಾಡಿ ಕೊನೆಯ ನಾಲ್ಕರವರೆಗೆ ಬಂದಿವೆ.

ನೇರ ಪ್ರವೇಶ, ಸಮಿತಿಯ ಆಯ್ಕೆ ಅನ್ನುವ ಈ ಎರಡು ಬಾಗಿಲುಗಳ ವ್ಯತ್ಯಾಸ 2024ರಲ್ಲಿ ಚೆನ್ನಾಗಿ ಕಂಡಿತು. ನಮ್ಮ ಕಡೆಯ ಎಂಜಿನಿಯರಿಂಗ್ ಹುಡುಗರಿಗೆ ಎಂಎಸ್ ಓದಲು ಹೋಗುವ ಕಾಲೇಜಾಗಿ ಗೊತ್ತಿರುವ ನಾರ್ತ್ ಕ್ಯಾರೊಲಿನಾ ಸ್ಟೇಟ್ ಆ ವರ್ಷ ಲೀಗ್ ಹಂತ ಮುಗಿಸಿದ್ದು 17 ಗೆಲುವು, 14 ಸೋಲಿನೊಂದಿಗೆ. ಸಮಿತಿ ಅವರ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಆದರೆ ಕಾನ್ಫರೆನ್ಸ್ ಟೂರ್ನಿಯಲ್ಲಿ ಐದು ದಿನಕ್ಕೆ ಐದು ಪಂದ್ಯ ಗೆದ್ದರು, ಅದೇ ರಾಜ್ಯದ ದೊಡ್ಡ ತಂಡಗಳಾದ ಡ್ಯೂಕ್‌ನ್ನೂ ನಾರ್ತ್ ಕ್ಯಾರೊಲಿನಾ ವಿಶ್ವವಿದ್ಯಾಲಯವನ್ನೂ ಹೊಡೆದರು, ನೇರ ಪ್ರವೇಶ ಕಿತ್ತುಕೊಂಡರು. 11ನೇ ಸೀಡ್ ಆಗಿ ಬಂದು ಕೊನೆಯ ನಾಲ್ಕರವರೆಗೂ ಹೋದರು. ಅದೇ ವರ್ಷ ಇಂಡಿಯಾನಾ ಸ್ಟೇಟ್ 28 ಪಂದ್ಯ ಗೆದ್ದು ಆರೇ ಸೋತಿತ್ತು, ಎನ್‌ಸಿಎಎಯ ಸ್ವಂತ ರ‍್ಯಾಂಕಿಂಗ್‌ನಲ್ಲೇ ಮೊದಲ 30ರೊಳಗಿತ್ತು. ಕಾನ್ಫರೆನ್ಸ್ ಫೈನಲ್‌ನಲ್ಲಿ ಡ್ರೇಕ್ ವಿರುದ್ಧ ಸೋತಿತು, ಅಷ್ಟೇ. ಸಮಿತಿ ಕರೆಯಲಿಲ್ಲ.

ಯಾಕೆ ಕರೆಯಲಿಲ್ಲ ಅಂತ ತಿಳಿಯಬೇಕಾದರೆ ಸಮಿತಿಯ ಮುಂದೆ ಇರುವ ಕಾಗದ ನೋಡಬೇಕು. 2018-19ರಿಂದ ಅವರು ಬಳಸುವ ರ‍್ಯಾಂಕಿಂಗ್‌ಗೆ ನೆಟ್ ಎಂದು ಹೆಸರು. ಎದುರಾಳಿ ಎಷ್ಟು ಗಟ್ಟಿ, ಪಂದ್ಯ ಎಲ್ಲಿ ನಡೆಯಿತು, ಎಷ್ಟು ಸಮರ್ಥವಾಗಿ ಅಂಕ ಗಳಿಸಿದರು ಅನ್ನುವುದೆಲ್ಲ ಅದರಲ್ಲಿ ಸೇರುತ್ತದೆ. ಅದರ ಮೇಲೆ ಪ್ರತಿ ಪಂದ್ಯವನ್ನೂ ನಾಲ್ಕು ದರ್ಜೆಗೆ ಹಾಕುತ್ತಾರೆ. ಮೊದಲ ದರ್ಜೆಗೆ ಕ್ವಾಡ್ 1 ಅನ್ನುತ್ತಾರೆ. ಸ್ವಂತ ಅಂಗಳದಲ್ಲಿ 1ರಿಂದ 30ನೇ ರ‍್ಯಾಂಕಿನ ತಂಡದ ಎದುರು ಆಡಿದರೆ ಅದು ಕ್ವಾಡ್ 1. ತಟಸ್ಥ ಅಂಗಳದಲ್ಲಾದರೆ 50ರವರೆಗೆ. ಎದುರಾಳಿಯ ಊರಿಗೇ ಹೋಗಿ ಆಡಿದರೆ 75ನೇ ರ‍್ಯಾಂಕಿನ ತಂಡವೂ ಕ್ವಾಡ್ 1ಕ್ಕೆ ಲೆಕ್ಕ. ಅಂದರೆ 70ನೇ ರ‍್ಯಾಂಕಿನ ತಂಡವನ್ನು ಅವರ ಊರಲ್ಲಿ ಸೋಲಿಸುವುದೂ 25ನೇ ರ‍್ಯಾಂಕಿನ ತಂಡವನ್ನು ನಮ್ಮ ಊರಲ್ಲಿ ಸೋಲಿಸುವುದೂ ಒಂದೇ ತೂಕ ಅಂತ ಎನ್‌ಸಿಎಎಯೇ ಒಪ್ಪಿಕೊಂಡಿದೆ. ಕಾಲೇಜು ಆಟದಲ್ಲಿ ಸ್ವಂತ ಊರಿನ ಜನಜಂಗುಳಿ ಎಷ್ಟು ಕೆಲಸ ಮಾಡುತ್ತದೆ ಅನ್ನುವುದಕ್ಕೆ ಇದಕ್ಕಿಂತ ಸ್ಪಷ್ಟ ಲೆಕ್ಕ ಬೇಡ. ಕ್ವಾಡ್ 4 ಅಂದರೆ ಗೆದ್ದರೆ ಯಾರೂ ಬೆನ್ನು ತಟ್ಟದ, ಸೋತರೆ ವರ್ಷವಿಡೀ ಕಾಡುವ ಪಂದ್ಯ.

ಸಣ್ಣ ಕಾನ್ಫರೆನ್ಸಿನ ತಂಡಕ್ಕೆ ಇಲ್ಲೇ ಏಟು ಬೀಳುವುದು. ಜನವರಿ ಬಂದಮೇಲೆ ಅದರ ಎದುರಾಳಿಗಳೆಲ್ಲ 150, 200ನೇ ರ‍್ಯಾಂಕಿನವರು. ಎಷ್ಟು ಗೆದ್ದರೂ ಕ್ವಾಡ್ 1 ಗೆಲುವು ಸಿಗುವುದಿಲ್ಲ. ದೊಡ್ಡ ಕಾನ್ಫರೆನ್ಸಿನ ತಂಡಕ್ಕೆ ವಾರಕ್ಕೆ ಎರಡು ಸಲ ಅವಕಾಶ ಮನೆ ಬಾಗಿಲಿಗೇ ಬರುತ್ತದೆ. 2025ರಲ್ಲಿ ಎಸ್‌ಇಸಿ ಅನ್ನುವ ಒಂದೇ ಕಾನ್ಫರೆನ್ಸಿನಿಂದ 14 ತಂಡ ಟೂರ್ನಿಗೆ ಬಂದವು, ಅದು ದಾಖಲೆ. ನನ್ನ ಮಟ್ಟಿಗೆ ಈ ಪದ್ಧತಿ ಸಣ್ಣವರಿಗೆ ಅನ್ಯಾಯವೇ, ಆದರೆ ಬ್ರಾಕೆಟ್ ತುಂಬುವವರಿಗೆ ಅದರಿಂದ ಒಂದು ಲಾಭ ಇದೆ. ಸಣ್ಣ ಕಾನ್ಫರೆನ್ಸಿನ ಒಳ್ಳೆಯ ತಂಡಕ್ಕೆ ಎಷ್ಟೋ ಸಲ ಇರಬೇಕಾದ್ದಕ್ಕಿಂತ ಕೆಳಗಿನ ಸೀಡ್ ಸಿಕ್ಕಿರುತ್ತದೆ. 12ನೇ ಸೀಡ್‌ನವರು 5ನೇ ಸೀಡ್‌ನವರನ್ನು ಮೂರಕ್ಕೆ ಒಂದರಂತೆ ಸೋಲಿಸುತ್ತಾ ಬಂದಿರುವುದಕ್ಕೆ ಇದೂ ಒಂದು ಕಾರಣ. 12ನೇ ಸೀಡ್ ಅಂದರೆ ಬಹುತೇಕ ಸಣ್ಣ ಕಾನ್ಫರೆನ್ಸಿನ ಅತ್ಯುತ್ತಮ ಚಾಂಪಿಯನ್, 5ನೆಯದು ದೊಡ್ಡ ಕಾನ್ಫರೆನ್ಸಿನಲ್ಲಿ ಏಳುತ್ತಾ ಬೀಳುತ್ತಾ ಬಂದವರು. ಇಬ್ಬರ ನಡುವೆ ಸೀಡ್ ಹೇಳುವಷ್ಟು ಅಂತರ ಇರುವುದಿಲ್ಲ. 2024ರಲ್ಲೂ 2025ರಲ್ಲೂ ಎರಡೆರಡು 12ನೇ ಸೀಡ್‌ಗಳು ಗೆದ್ದವು. 2023ರಲ್ಲಿ ಒಂದೂ ಗೆಲ್ಲಲಿಲ್ಲ, ಅದೂ ನೆನಪಿರಲಿ.

ಈಗ ಮುಖ್ಯ ವಿಷಯಕ್ಕೆ ಬರೋಣ. ತಂಡದ ಆಟವನ್ನು ಅಳೆಯುವುದು ಪಂದ್ಯದ ಲೆಕ್ಕದಲ್ಲಲ್ಲ, ಪೊಸೆಷನ್ ಲೆಕ್ಕದಲ್ಲಿ. ಚೆಂಡು ನಿಮ್ಮ ಕೈಗೆ ಬಂದು, ಶಾಟ್ ಹಾಕಿಯೋ ಕಳಕೊಂಡೋ ಎದುರಾಳಿಗೆ ಹೋಗುವವರೆಗೆ ಒಂದು ಪೊಸೆಷನ್. ಕಾಲೇಜು ಪುರುಷರ ಆಟದಲ್ಲಿ 20 ನಿಮಿಷದ ಎರಡು ಅವಧಿ, ಶಾಟ್ ಹಾಕಲು 30 ಸೆಕೆಂಡ್ ಗಡುವು. ಕೆಲವು ತಂಡ ಎಂಟು ಸೆಕೆಂಡಲ್ಲೇ ಹಾರಿ ಹಾಕುತ್ತವೆ, ಕೆಲವು 28 ಸೆಕೆಂಡ್ ಚೆಂಡು ತಿರುಗಿಸುತ್ತಾ ಕೂರುತ್ತವೆ. ಒಂದು ತಂಡ 75 ಪೊಸೆಷನ್‌ನಲ್ಲಿ 80 ಅಂಕ ಗಳಿಸಿತು ಅಂದುಕೊಳ್ಳಿ, ಇನ್ನೊಂದು 60 ಪೊಸೆಷನ್‌ನಲ್ಲಿ 66. ಪೇಪರ್ ನೋಡಿದವರಿಗೆ ಮೊದಲನೆಯದೇ ಭಾರಿ ಹೊಡೆತದ ತಂಡ. ಆದರೆ 100 ಪೊಸೆಷನ್‌ಗೆ ಇಳಿಸಿ ನೋಡಿದರೆ ಮೊದಲನೆಯದು 107ರ ಹತ್ತಿರ, ಎರಡನೆಯದು 110. ಎರಡನೆಯದೇ ಉತ್ತಮ. ಕ್ರಿಕೆಟ್ ನೋಡುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, 40 ಎಸೆತದ 50 ರನ್ನಿಗೂ 90 ಎಸೆತದ 60 ರನ್ನಿಗೂ ಇರುವ ವ್ಯತ್ಯಾಸವೇ ಇದು.

ಈ ಲೆಕ್ಕವನ್ನು ಕಾಲೇಜು ಆಟದ ಜನರ ಬಾಯಿಗೆ ತಂದವರು ಕೆನ್ ಪೊಮೆರಾಯ್. ಹವಾಮಾನ ತಜ್ಞರಾಗಿದ್ದವರು. ಅವರ ಪಟ್ಟಿಗೆ ಎಲ್ಲರೂ ಕೆನ್‌ಪಾಮ್ ಅನ್ನುತ್ತಾರೆ. ಅದರಲ್ಲಿ ಪ್ರತಿ ತಂಡದ ಮುಂದೆ ಎರಡು ಅಂಕಿ ನೋಡಿದರೆ ಸಾಕು. ಸರಾಸರಿ ಎದುರಾಳಿಯ ಮೇಲೆ 100 ಪೊಸೆಷನ್‌ಗೆ ಎಷ್ಟು ಅಂಕ ಗಳಿಸುತ್ತಾರೆ, ಎಷ್ಟು ಬಿಟ್ಟುಕೊಡುತ್ತಾರೆ. ಎದುರಾಳಿಯ ಶಕ್ತಿ, ಊರು ಎರಡನ್ನೂ ಸರಿದೂಗಿಸಿದ ಅಂಕಿಗಳು ಇವು. ಚಾಂಪಿಯನ್ ಆಗುವ ತಂಡ ಸಾಮಾನ್ಯವಾಗಿ ಎರಡರಲ್ಲೂ ದೇಶದ ಮೊದಲ ಸಾಲಿನಲ್ಲಿರುತ್ತದೆ. ಬರೀ ಹೊಡೆತದ ಮೇಲೆ ನಿಂತ ತಂಡ ಒಂದೆರಡು ಸುತ್ತು ಮಿಂಚುತ್ತದೆ. ಆದರೆ ಕಪ್ ಗೆಲ್ಲಲು ಮೂರು ವಾರಾಂತ್ಯಗಳಲ್ಲಿ ಆರು ಪಂದ್ಯ ಗೆಲ್ಲಬೇಕು, ಅದರಲ್ಲಿ ಒಂದು ದಿನವಾದರೂ ಶಾಟ್ ಬೀಳದ ದಿನ ಬಂದೇ ಬರುತ್ತದೆ. ಆ ದಿನ ಕಾಯುವುದು ಡಿಫೆನ್ಸ್. ಹಾಗಂತ ಇದೂ ಕಲ್ಲಿನ ಮೇಲಿನ ಬರಹ ಅಲ್ಲ. 2014ರಲ್ಲಿ 7ನೇ ಸೀಡ್ ಆಗಿ ಬಂದ ಯೂಕಾನ್, 8ನೇ ಸೀಡ್ ಕೆಂಟುಕಿಯನ್ನು ಫೈನಲ್‌ನಲ್ಲಿ 60-54ರಿಂದ ಸೋಲಿಸಿತು. ಅಂಥದ್ದೂ ಆಗುತ್ತದೆ.

ಆ ಎರಡು ಅಂಕಿಗಳ ಒಳಗೆ ಏನಿದೆ ಅಂತ ಬಿಚ್ಚಿ ನೋಡಲು ಡೀನ್ ಆಲಿವರ್ ಅನ್ನುವವರು ನಾಲ್ಕು ಅಂಶ ಕೊಟ್ಟಿದ್ದಾರೆ: ಶೂಟಿಂಗ್, ಟರ್ನೋವರ್, ಅಫೆನ್ಸಿವ್ ರಿಬೌಂಡ್, ಫ್ರೀ ಥ್ರೋ. ತೂಕವೂ ಹೆಚ್ಚು ಕಡಿಮೆ ಅದೇ ಕ್ರಮದಲ್ಲಿ. ಶೂಟಿಂಗ್ ಅಳೆಯುವಾಗ ದೂರದಿಂದ ಹಾಕುವ ಮೂರು ಪಾಯಿಂಟ್ ಶಾಟ್‌ಗೆ ಒಂದೂವರೆ ಪಟ್ಟು ಬೆಲೆ ಕೊಡಬೇಕು. ಹತ್ತು ಸಲ ಹತ್ತಿರದಿಂದ ಹಾಕಿ ಐದು ಬಿದ್ದರೆ 10 ಅಂಕ. ಹತ್ತು ಸಲ ದೂರದಿಂದ ಹಾಕಿ ನಾಲ್ಕೇ ಬಿದ್ದರೂ 12 ಅಂಕ. ಮಾಮೂಲಿ ಶೇಕಡಾವಾರಿನಲ್ಲಿ ಮೊದಲನೆಯದು 50, ಎರಡನೆಯದು 40, ಆದರೆ ಗೆದ್ದದ್ದು ಎರಡನೆಯದು. ಟರ್ನೋವರ್ ಅಂದರೆ ಶಾಟ್ ಹಾಕುವ ಮುಂಚೆಯೇ ಚೆಂಡು ಕಳಕೊಳ್ಳುವುದು. ಅಫೆನ್ಸಿವ್ ರಿಬೌಂಡ್ ಅಂದರೆ ತಾವೇ ತಪ್ಪಿಸಿದ ಶಾಟ್ ಅನ್ನು ತಾವೇ ಹಿಡಿದು ಇನ್ನೊಂದು ಅವಕಾಶ ಗಿಟ್ಟಿಸುವುದು. ನನಗೆ ಈ ನಾಲ್ಕರಲ್ಲಿ ಜಾಸ್ತಿ ನಂಬಿಕೆ ಇರುವುದು ಈ ನಡುವಿನ ಎರಡರ ಮೇಲೆ, ಯಾಕಂದರೆ ಶೂಟಿಂಗ್ ದಿನದಿಂದ ದಿನಕ್ಕೆ ಏರುತ್ತೆ ಇಳಿಯುತ್ತೆ, ಆದರೆ ಚೆಂಡನ್ನು ಜೋಪಾನವಾಗಿ ಇಟ್ಟುಕೊಳ್ಳುವ ಗಾರ್ಡ್‌ಗಳು, ಬೋರ್ಡಿನ ಕೆಳಗೆ ನುಗ್ಗಿ ಚೆಂಡು ಕಿತ್ತುಕೊಳ್ಳುವ ಗಟ್ಟಿಗರು ಅಷ್ಟು ಸುಲಭವಾಗಿ ಬದಲಾಗುವುದಿಲ್ಲ.

ಫ್ರೀ ಥ್ರೋ, ಅಂದರೆ ಎದುರಾಳಿ ಫೌಲ್ ಮಾಡಿದಾಗ ಯಾರ ಅಡ್ಡಿಯೂ ಇಲ್ಲದೆ ಹಾಕುವ ಶಾಟ್, ಕೊನೆಯ ಸ್ಥಾನದಲ್ಲಿದೆ ಅಂತ ಕಡೆಗಣಿಸಬೇಡಿ. ಹಿಂದೆ ಬಿದ್ದ ತಂಡ ಕೊನೆಯ ಎರಡು ನಿಮಿಷದಲ್ಲಿ ಬೇಕಂತಲೇ ಫೌಲ್ ಮಾಡುತ್ತದೆ. ಗಡಿಯಾರ ನಿಲ್ಲುತ್ತದೆ, ಎದುರಾಳಿ ಫ್ರೀ ಥ್ರೋ ಹಾಕಬೇಕು, ತಪ್ಪಿಸಿದರೆ ಚೆಂಡು ವಾಪಸ್. 2008ರ ಫೈನಲ್‌ನಲ್ಲಿ ಮೆಂಫಿಸ್ ಎರಡು ನಿಮಿಷ ಚಿಲ್ಲರೆ ಬಾಕಿ ಇರುವಾಗ ಕಾನ್ಸಸ್‌ಗಿಂತ 9 ಅಂಕ ಮುಂದಿತ್ತು. ಸೀಸನ್ ಪೂರ್ತಿ ಫ್ರೀ ಥ್ರೋನಲ್ಲಿ ಸೊರಗಿದ್ದ ತಂಡ ಅದು, ಕೋಚ್‌ನ್ನು ಕೇಳಿ ಕೇಳಿ ಪತ್ರಕರ್ತರಿಗೇ ಸಾಕಾಗಿತ್ತು. ಕೊನೆಯಲ್ಲಿ ಅದೇ ಕೈಕೊಟ್ಟಿತು. ಒಂದರ ಹಿಂದೆ ಒಂದು ತಪ್ಪಿಸಿದರು, ಕಾನ್ಸಸ್‌ನ ಮಾರಿಯೊ ಚಾಲ್ಮರ್ಸ್ ಎರಡು ಸೆಕೆಂಡ್ ಬಾಕಿ ಇರುವಾಗ ಮೂರು ಪಾಯಿಂಟ್ ಹಾಕಿ ಸಮ ಮಾಡಿದರು, ಹೆಚ್ಚುವರಿ ಅವಧಿಯಲ್ಲಿ ಕಾನ್ಸಸ್ 75-68ರಿಂದ ಗೆದ್ದಿತು.

ಇಷ್ಟೆಲ್ಲ ನೋಡಿಯೂ ಲೆಕ್ಕ ತಪ್ಪುತ್ತದೆ. ಎಲ್ಲಿ ತಪ್ಪುತ್ತದೆ ಅಂತ ತಿಳಿಯಲು 2018ರ ಮಾರ್ಚ್ 16ಕ್ಕೆ ಹೋಗಬೇಕು. ಅಲ್ಲಿಯವರೆಗೆ 16ನೇ ಸೀಡ್‌ನ ಪುರುಷರ ತಂಡ ಒಂದೂ 1ನೇ ಸೀಡ್‌ನವರನ್ನು ಸೋಲಿಸಿರಲಿಲ್ಲ. ವರ್ಜೀನಿಯಾ ಆ ವರ್ಷ 31 ಗೆದ್ದು ಎರಡೇ ಸೋತಿತ್ತು, ಇಡೀ ಟೂರ್ನಿಗೇ ಅಗ್ರ ಶ್ರೇಯಾಂಕ. ಎದುರಿಗೆ ಯುಎಂಬಿಸಿ, ಮೇರಿಲ್ಯಾಂಡ್‌ನ ಬಾಲ್ಟಿಮೋರ್ ಹತ್ತಿರದ ಕಾಲೇಜು. ಅರ್ಧ ಆಟಕ್ಕೆ 21-21. ದ್ವಿತೀಯಾರ್ಧದಲ್ಲಿ ಯುಎಂಬಿಸಿ 53 ಅಂಕ ಗಳಿಸಿತು. 74-54, ಅಂದರೆ 20 ಅಂಕದ ಗೆಲುವು! ದೂರದ ಶಾಟ್ ಲೆಕ್ಕ ನೋಡಿ: ಯುಎಂಬಿಸಿ 24ರಲ್ಲಿ 12 ಹಾಕಿತು, ವರ್ಜೀನಿಯಾ 22ರಲ್ಲಿ 4. ಅಷ್ಟರಲ್ಲೇ 24 ಅಂಕದ ವ್ಯತ್ಯಾಸ.

ಇದನ್ನು ಬರೀ ಅದೃಷ್ಟ ಅಂದುಬಿಡಬಹುದು. ಆದರೆ ವರ್ಜೀನಿಯಾದ ಆಟದಲ್ಲೇ ಒಂದು ಬಿರುಕಿತ್ತು. ಅವರು ಆಗ ದೇಶದಲ್ಲೇ ಅತಿ ನಿಧಾನವಾಗಿ ಆಡುತ್ತಿದ್ದವರು. ಚೆಂಡು ಹಿಡಿದವನ ಮೇಲೆ ಒಬ್ಬ ಬಿದ್ದರೆ ಉಳಿದ ನಾಲ್ವರು ಬುಟ್ಟಿಯ ಕಡೆ ಒತ್ತಾಗಿ ನಿಂತು ಡಿಫೆನ್ಸ್ ಮಾಡುತ್ತಿದ್ದರು, ಎದುರಾಳಿಗೆ ದೂರದ ಶಾಟ್ ಬಿಟ್ಟುಕೊಡುತ್ತಿದ್ದರು. 35 ಪಂದ್ಯದ ಸೀಸನ್‌ನಲ್ಲಿ ಇದು ಒಳ್ಳೆ ವ್ಯಾಪಾರ, ಸರಾಸರಿಯಲ್ಲಿ ಲಾಭವೇ. ಆದರೆ 40 ನಿಮಿಷದ ಒಂದೇ ಪಂದ್ಯದಲ್ಲಿ ಪೊಸೆಷನ್ ಕಡಿಮೆ ಆದಷ್ಟೂ ಒಳ್ಳೆಯ ತಂಡಕ್ಕೆ ತನ್ನ ಮೇಲುಗೈ ತೋರಿಸಲು ಸಮಯ ಕಡಿಮೆ, ದುರ್ಬಲ ತಂಡದ ನಾಲ್ಕು ಶಾಟ್ ಸುಮ್ನೆ ಬಿದ್ದುಬಿಟ್ಟರೆ ಅದರ ತೂಕ ಜಾಸ್ತಿ. ಅದಕ್ಕೇ ಹೇಳುವುದು, ಬಲಿಷ್ಠ ತಂಡ ನಿಧಾನವಾಗಿ ಆಡುವುದಾದರೆ, ಎದುರಿನವರು ದೂರದಿಂದ ಹೆಚ್ಚು ಹಾಕುವವರಾದರೆ, ಅಲ್ಲಿ ಒಂದು ಗೆರೆ ಎಳೆದುಕೊಳ್ಳಿ. ಅಂದಹಾಗೆ ಅದೇ ವರ್ಜೀನಿಯಾ, ಅದೇ ಕೋಚ್, ಅದೇ ನಿಧಾನದ ಆಟ ಇಟ್ಟುಕೊಂಡೇ ಮರುವರ್ಷ 2019ರಲ್ಲಿ ಟೆಕ್ಸಸ್ ಟೆಕ್ ಮೇಲೆ ಗೆದ್ದು ಚಾಂಪಿಯನ್ ಆಯಿತು. ಪದ್ಧತಿ ಕೆಟ್ಟದಾಗಿರಲಿಲ್ಲ ಅಲ್ವಾ?

2024ರಲ್ಲಿ ಕೆಂಟುಕಿಗೆ ಓಕ್‌ಲ್ಯಾಂಡ್ ಮಾಡಿದ್ದೂ ಇಂಥದ್ದೇ. ಜ್ಯಾಕ್ ಗೋಲ್ಕಿ ಅನ್ನುವ ಒಬ್ಬನೇ ಆಟಗಾರ ಹತ್ತು ಮೂರು ಪಾಯಿಂಟ್ ಹಾಕಿ 32 ಅಂಕ ಗಳಿಸಿದ. ಅವನು ಹಿಂದಿನ ವರ್ಷದವರೆಗೆ ಡಿವಿಷನ್ 2ರಲ್ಲಿ ಆಡುತ್ತಿದ್ದವನು.

ಎರಡನೇ ಬಿರುಕು ಜೋಡಿಯದು. ಯಾರು ಯಾರಿಗೆ ಎದುರಾಗುತ್ತಾರೆ ಅನ್ನುವುದು. 2023ರಲ್ಲಿ ಪರ್ಡ್ಯೂ 1ನೇ ಸೀಡ್. ಅವರ ಬಳಿ 7 ಅಡಿ 4 ಇಂಚಿನ ಝ್ಯಾಕ್ ಈಡಿ, ಆ ವರ್ಷದ ದೇಶದ ಶ್ರೇಷ್ಠ ಆಟಗಾರ. ಎದುರಿಗೆ ಬಂದದ್ದು ನ್ಯೂಜೆರ್ಸಿಯ ಫೇರ್ಲಿ ಡಿಕಿನ್ಸನ್, ಡಿವಿಷನ್ 1ರಲ್ಲೇ ಅತಿ ಕುಳ್ಳ ತಂಡ. ಅವರು ತಮ್ಮ ಕಾನ್ಫರೆನ್ಸ್ ಫೈನಲ್ ಸೋತೇ ಬಂದಿದ್ದರು. ಗೆದ್ದ ಮೆರಿಮ್ಯಾಕ್ ಕೆಲವೇ ವರ್ಷದ ಹಿಂದೆ ಡಿವಿಷನ್ 1ಕ್ಕೆ ಬಂದಿದ್ದರಿಂದ ನಿಯಮದ ಪ್ರಕಾರ ಅದಕ್ಕೆ ಟೂರ್ನಿಗೆ ಅರ್ಹತೆ ಇರಲಿಲ್ಲ, ಜಾಗ ಇವರಿಗೆ ಸಿಕ್ಕಿತು. ಡೇಟನ್‌ನಲ್ಲಿ ಫಸ್ಟ್ ಫೋರ್ ಆಡಿ ಗೆದ್ದು ಪರ್ಡ್ಯೂ ಎದುರು ನಿಂತರು.

ಕುಳ್ಳಗಿರುವುದೇ ಅಲ್ಲಿ ಅನುಕೂಲ ಆಯಿತು. ಈಡಿಯ ಹಿಂದೊಬ್ಬ, ಮುಂದೊಬ್ಬ ನಿಂತು ಅವನ ಕೈಗೆ ಚೆಂಡು ಸೇರದಂತೆ ನೋಡಿಕೊಂಡರು. ಉಳಿದವರು ಅಂಗಳದ ಉದ್ದಕ್ಕೂ ಪರ್ಡ್ಯೂನ ಎಳೆಯ ಗಾರ್ಡ್‌ಗಳ ಮೈಮೇಲೆ ಬಿದ್ದರು. ಪರ್ಡ್ಯೂ 16 ಸಲ ಚೆಂಡು ಕಳಕೊಂಡಿತು, ದೂರದಿಂದ 26ರಲ್ಲಿ 5 ಮಾತ್ರ ಹಾಕಿತು. 63-58. ಈಡಿಗೆ 21 ಅಂಕ, 15 ರಿಬೌಂಡ್ ಬಂದಿತ್ತು, ಆದರೂ ಸಾಕಾಗಲಿಲ್ಲ. ಪರ್ಡ್ಯೂನಲ್ಲಿ ಓದಿದ ನಮ್ಮ ಎಷ್ಟೋ ಮಂದಿಗೆ ಇದು ಇಂದಿಗೂ ಎತ್ತಬಾರದ ವಿಷಯ. (ಮರುವರ್ಷ ಅವರು ಫೈನಲ್‌ವರೆಗೆ ಹೋಗಿ ಯೂಕಾನ್‌ಗೆ ಸೋತರು, ಅದನ್ನು ಮಾತ್ರ ಎತ್ತಬಹುದು.) 1985ರಿಂದ 2025ರವರೆಗೆ 1ನೇ ಸೀಡ್ ಮತ್ತು 16ನೇ ಸೀಡ್ ನಡುವೆ ನಡೆದ ಪುರುಷರ 160 ಪಂದ್ಯಗಳಲ್ಲಿ 1ನೇ ಸೀಡ್ ಸೋತದ್ದು ಈ ಎರಡರಲ್ಲೇ. ಹಾಗಾಗಿ ಆ ಸುತ್ತಲ್ಲಿ ಧೈರ್ಯ ತೋರಿಸಲು ಹೋಗಬೇಡಿ.

ಮೇಲಿನ ಕಥೆಗಳೆಲ್ಲ ಸ್ವಲ್ಪ ಹಳೆಯವು, ಯಾಕಂದರೆ ಆಟದ ಹೊರಗಿನ ನಿಯಮಗಳು ಬದಲಾಗಿವೆ. 2021ರಿಂದ ಆಟಗಾರರು ತಮ್ಮ ಹೆಸರಿನಿಂದ ಜಾಹೀರಾತು ದುಡ್ಡು ಮಾಡಬಹುದು. ಮೊದಲೆಲ್ಲ ಕಾಲೇಜು ಬದಲಿಸಿದರೆ ಒಂದು ವರ್ಷ ಬೆಂಚಿನಲ್ಲಿ ಕೂರಬೇಕಿತ್ತು, ಈಗ ಬೇಡ. 2025-26ರಿಂದ ಕಾಲೇಜುಗಳೇ ಆಟಗಾರರಿಗೆ ನೇರವಾಗಿ ಪಾಲು ಕೊಡುತ್ತಿವೆ. ಪರಿಣಾಮ ಏನೆಂದರೆ ಸಣ್ಣ ಕಾಲೇಜಲ್ಲಿ ಬೆಳೆದ ಹುಡುಗ ಮುಂದಿನ ಮಾರ್ಚ್‌ನಲ್ಲಿ ದೊಡ್ಡ ಕಾಲೇಜಿನ ಅಂಗಿ ತೊಟ್ಟಿರುತ್ತಾನೆ.

2025ರ ಚಾಂಪಿಯನ್ ಫ್ಲಾರಿಡಾದ ಮೂವರು ಮುಖ್ಯ ಗಾರ್ಡ್‌ಗಳನ್ನೇ ನೋಡಿ. ವಾಲ್ಟರ್ ಕ್ಲೇಟನ್ ಬಂದದ್ದು ನ್ಯೂಯಾರ್ಕ್‌ನ ಐಯೋನಾದಿಂದ. ವಿಲ್ ರಿಚರ್ಡ್ ಬೆಲ್ಮಾಂಟ್‌ನಿಂದ. ಅಲೈಜಾ ಮಾರ್ಟಿನ್ ಫ್ಲಾರಿಡಾ ಅಟ್ಲಾಂಟಿಕ್‌ನಿಂದ, ಅಂದರೆ 2023ರಲ್ಲಿ 9ನೇ ಸೀಡ್ ಆಗಿದ್ದು ಕೊನೆಯ ನಾಲ್ಕಕ್ಕೆ ಬಂದ ಅದೇ ತಂಡದಿಂದ. ಹಿಂದಿನ ಕಾಲದಲ್ಲಿ ಇವರು ಬೇರೆ ಬೇರೆ ಸಣ್ಣ ತಂಡಗಳಲ್ಲಿದ್ದುಕೊಂಡು ದೊಡ್ಡವರನ್ನು ಕೆಡವುತ್ತಿದ್ದರೇನೋ. 2025ರಲ್ಲಿ ಮೂವರೂ ಒಂದೇ ತಂಡದಲ್ಲಿದ್ದರು. ಫೈನಲ್‌ನಲ್ಲಿ ಫ್ಲಾರಿಡಾ ಒಂದು ಹಂತದಲ್ಲಿ ಹ್ಯೂಸ್ಟನ್‌ಗಿಂತ 12 ಅಂಕ ಹಿಂದಿತ್ತು. ಕ್ಲೇಟನ್ ಮೊದಲಾರ್ಧದಲ್ಲಿ ಒಂದೂ ಅಂಕ ಗಳಿಸಿರಲಿಲ್ಲ. ಕೊನೆಯ ಕ್ಷಣದಲ್ಲಿ ಎರಡು ಅಂಕ ಹಿಂದಿದ್ದ ಹ್ಯೂಸ್ಟನ್ ಆಟಗಾರ ಶಾಟ್ ಹಾಕಲು ಮೇಲೆ ಹಾರಿದ, ಕ್ಲೇಟನ್ ಓಡಿ ಬಂದು ಎದುರಿಗೆ ಹಾರಿದ್ದು ನೋಡಿ ಶಾಟ್ ಹಾಕಲಾಗದೆ ಚೆಂಡು ಕೆಳಗೆ ಬಿಟ್ಟ. ಹಾರಿ ಇಳಿದ ಮೇಲೆ ಅವನೇ ಮುಟ್ಟಿದರೆ ಟ್ರಾವೆಲಿಂಗ್ ಅನ್ನುವ ತಪ್ಪು, ಚೆಂಡು ಎದುರಾಳಿಗೆ. ಚೆಂಡು ನೆಲದ ಮೇಲೆ ಕುಣಿಯುತ್ತಿತ್ತು, ಅವನು ನೋಡುತ್ತಾ ನಿಂತಿದ್ದ, ಸಮಯ ಮುಗಿಯಿತು. 65-63.

ಆ ವರ್ಷ ನಾಲ್ಕೂ 1ನೇ ಸೀಡ್‌ಗಳು ಕೊನೆಯ ನಾಲ್ಕಕ್ಕೆ ಬಂದವು, 2008ರ ಬಳಿಕ ಮೊದಲ ಸಲ. ಕೊನೆಯ 16ರಲ್ಲಿ ಎಲ್ಲವೂ ನಾಲ್ಕು ದೊಡ್ಡ ಕಾನ್ಫರೆನ್ಸ್‌ಗಳ ತಂಡಗಳೇ. 13ನೇ ಸೀಡ್‌ನಿಂದ ಕೆಳಗಿನವರು ಮೊದಲ ಸುತ್ತಲ್ಲಿ ಒಂದು ಪಂದ್ಯವನ್ನೂ ಗೆಲ್ಲಲಿಲ್ಲ. ಒಂದು ವರ್ಷದ ಫಲಿತಾಂಶ ನೋಡಿ ಸಣ್ಣವರ ಕಥೆ ಮುಗಿಯಿತು ಅನ್ನುವುದು ಅತಿ. ಆದರೂ ತಂಡದ ಪಟ್ಟಿ ಕೈಗೆತ್ತಿಕೊಂಡಾಗ ಆಟಗಾರರ ವಯಸ್ಸು, ಹಿಂದೆ ಎಲ್ಲಿ ಆಡಿದ್ದರು ಅನ್ನುವುದನ್ನು ಒಮ್ಮೆ ನೋಡಿ. 18-19ರ ಭಾರಿ ಪ್ರತಿಭೆಗಳಿಗಿಂತ ನಾಲ್ಕೈದು ವರ್ಷ ಆಡಿ ಪಳಗಿದ 22-23ರ ಗಾರ್ಡ್‌ಗಳಿರುವ ತಂಡದ ಮೇಲೆ ನಾನಾದರೆ ದುಡ್ಡು ಹಾಕುತ್ತೇನೆ.

ಪಂದ್ಯ ಎಲ್ಲಿ ಅನ್ನುವುದನ್ನೂ ನೋಡಬೇಕು. ಕಾಗದದ ಮೇಲೆ ಎಲ್ಲವೂ ತಟಸ್ಥ ಅಂಗಳ. 2025ರಲ್ಲಿ 1ನೇ ಸೀಡ್ ಹ್ಯೂಸ್ಟನ್ ಕೊನೆಯ 16ರಲ್ಲಿ 4ನೇ ಸೀಡ್ ಪರ್ಡ್ಯೂವನ್ನು ಎದುರಿಸಿದ್ದು ಇಂಡಿಯಾನಾಪೊಲಿಸ್‌ನಲ್ಲಿ. ಪರ್ಡ್ಯೂ ಇರುವುದೇ ಇಂಡಿಯಾನಾ ರಾಜ್ಯದಲ್ಲಿ, ಒಂದು ಗಂಟೆ ಚಿಲ್ಲರೆ ಕಾರು ದಾರಿ. ಹ್ಯೂಸ್ಟನ್ ಕೊನೆಯ ಸೆಕೆಂಡಿನಲ್ಲಿ 62-60ರಿಂದ ಪಾರಾಯಿತು.

ಇನ್ನು ಗಾಯದ ಸುದ್ದಿ. ಯುಎಂಬಿಸಿ ಪಂದ್ಯಕ್ಕೆ ಮುಂಚೆ ವರ್ಜೀನಿಯಾದ ಡಿಆಂಡ್ರೆ ಹಂಟರ್ ಮಣಿಕಟ್ಟು ಮುರಿದುಕೊಂಡು ಹೊರಗಿದ್ದ. ಮಹಿಳೆಯರ ಟೂರ್ನಿಯಲ್ಲಿ 1998ರಲ್ಲೇ 16ನೇ ಸೀಡ್ ಹಾರ್ವರ್ಡ್, 1ನೇ ಸೀಡ್ ಸ್ಟ್ಯಾನ್‌ಫರ್ಡ್ ತಂಡವನ್ನು ಅದರ ಅಂಗಳದಲ್ಲೇ ಸೋಲಿಸಿತ್ತು. ಅಲ್ಲೂ ಸ್ಟ್ಯಾನ್‌ಫರ್ಡ್‌ನ ಇಬ್ಬರು ಮುಖ್ಯ ಆಟಗಾರ್ತಿಯರು ಗಾಯದಿಂದ ಕೂತಿದ್ದರು. ಮಹಿಳೆಯರ ಟೂರ್ನಿಯ ಬ್ರಾಕೆಟ್ ತುಂಬುವವರು ಒಂದು ವಿಷಯ ನೆನಪಿಡಬೇಕು. ಅಲ್ಲಿ ಮೇಲಿನ 16 ತಂಡಗಳಿಗೆ ಮೊದಲ ಎರಡು ಸುತ್ತು ಸ್ವಂತ ಅಂಗಳದಲ್ಲೇ, ಹಾಗಾಗಿ ಮೊದಲ ವಾರಾಂತ್ಯದ ಅಚ್ಚರಿಗಳು ಪುರುಷರಿಗಿಂತ ಕಡಿಮೆ. ನೋಡುವವರು ಕಡಿಮೆ ಅಂದುಕೊಳ್ಳಬೇಡಿ, 2024ರಲ್ಲಿ ಸೌತ್ ಕ್ಯಾರೊಲಿನಾ ಮತ್ತು ಅಯೋವಾ ನಡುವಿನ ಫೈನಲ್ ಪುರುಷರ ಫೈನಲ್‌ಗಿಂತ ಜಾಸ್ತಿ ಜನ ನೋಡಿದರು.

ಫಾರ್ಮ್, ಮೊಮೆಂಟಮ್ ಅನ್ನುವ ಮಾತು ಟಿವಿಯಲ್ಲಿ ಬಹಳ ಕೇಳುತ್ತೀರಿ. ನಾನು ಅದಕ್ಕೆ ಅಷ್ಟು ಬೆಲೆ ಕೊಡುವುದಿಲ್ಲ. ನಾರ್ತ್ ಕ್ಯಾರೊಲಿನಾ ಸ್ಟೇಟ್ ಕಥೆ ನೆನಪಿರುತ್ತದೆ, ಕಾನ್ಫರೆನ್ಸ್ ಕಪ್ ಗೆದ್ದು ಬಂದು ಗುರುವಾರವೇ ಸೋತು ಮನೆಗೆ ಹೋದ ತಂಡಗಳು ಯಾರಿಗೂ ನೆನಪಿರುವುದಿಲ್ಲ. ಕೊನೆಯ ನಾಲ್ಕು ಪಂದ್ಯಕ್ಕಿಂತ ಇಡೀ ಸೀಸನ್ನಿನ ಅಂಕಿ ಹೆಚ್ಚು ನಂಬಿಕಸ್ಥ.

ಇನ್ನು ತುಂಬುವ ಕೆಲಸ. ಫಸ್ಟ್ ಫೋರ್ ಬಿಟ್ಟರೆ 63 ಪಂದ್ಯ. ಸುಮ್ನೆ ನಾಣ್ಯ ಚಿಮ್ಮಿ ತುಂಬಿದರೆ ಎಲ್ಲ ಸರಿಯಾಗುವ ಸಾಧ್ಯತೆ ಸುಮಾರು 92 ಸಾವಿರ ಕೋಟಿ ಕೋಟಿಗೆ ಒಂದು. ಖಚಿತವಾಗಿ ದಾಖಲಾದ ಉತ್ತಮ ಸಾಧನೆ 2019ರದು, ಓಹಿಯೋದ ಒಬ್ಬರದು ಮೊದಲ 49 ಪಂದ್ಯ ಸತತ ಸರಿಯಾಗಿತ್ತು, ಐವತ್ತನೆಯದು ಕೈಕೊಟ್ಟಿತು. ಹಾಗಾಗಿ ಎಲ್ಲವನ್ನೂ ಸರಿ ಮಾಡುವ ಆಸೆ ಬಿಡಿ, ಪಕ್ಕದ ಕ್ಯೂಬಿಕಲ್‌ನವರಿಗಿಂತ ಒಂದು ಅಂಕ ಮುಂದಿದ್ದರೆ ಸಾಕು. ಇಎಸ್‌ಪಿಎನ್ ಪದ್ಧತಿಯಲ್ಲಿ ಮೊದಲ ಸುತ್ತಿನ ಒಂದು ಸರಿ ಉತ್ತರಕ್ಕೆ 10 ಅಂಕ, ಪ್ರತಿ ಸುತ್ತಿಗೂ ದುಪ್ಪಟ್ಟು, ಚಾಂಪಿಯನ್ ಸರಿಯಾದರೆ 320. ಮೊದಲ ಸುತ್ತಿನ 32 ಪಂದ್ಯವೂ ಸರಿಯಾದರೆ ಸಿಗುವುದೂ ಅದೇ 320. ಅಂದರೆ 12ನೇ ಸೀಡ್ ಯಾವುದು ಗೆಲ್ಲುತ್ತದೆ ಅಂತ ಮೂರು ರಾತ್ರಿ ತಲೆ ಕೆಡಿಸಿಕೊಳ್ಳುವುದಕ್ಕಿಂತ ಚಾಂಪಿಯನ್ ಯಾರು ಅಂತ ಮೊದಲು ತೀರ್ಮಾನಿಸಿ, ಅಲ್ಲಿಂದ ಹಿಂದಕ್ಕೆ ತುಂಬುತ್ತಾ ಬನ್ನಿ. 64 ತಂಡಗಳಾದ ಮೇಲೆ ಅರ್ಧಕ್ಕಿಂತ ಜಾಸ್ತಿ ಸಲ ಕಪ್ ಹೋಗಿರುವುದು 1ನೇ ಸೀಡ್‌ಗೆ. ಅತಿ ಕೆಳಗಿನಿಂದ ಬಂದು ಗೆದ್ದದ್ದು 1985ರ ವಿಲ್ಲನೋವಾ, 8ನೇ ಸೀಡ್.

ಸಣ್ಣ ಗುಂಪಾದರೆ, ಹತ್ತು ಹನ್ನೆರಡು ಜನ ಅಂದುಕೊಳ್ಳಿ, ಎರಡೂ ಅಂಕಿಗಳಲ್ಲಿ ಮೇಲಿರುವ 1ನೇ ಸೀಡ್ ಹಾಕಿ ಸುಮ್ಮನಿರಿ. ಇನ್ನೂರು ಜನರ ಗುಂಪಾದರೆ ಆ ಹೆಸರನ್ನು ನಲವತ್ತು ಜನ ಹಾಕಿರುತ್ತಾರೆ, ಅದು ಗೆದ್ದರೂ ನಿಮಗೆ ಲಾಭವಿಲ್ಲ. ಅಲ್ಲಿ 2023ರ ಯೂಕಾನ್ ಥರದ, ಸೀಡ್ 3 ಅಥವಾ 4 ಆಗಿದ್ದು ಕೆನ್‌ಪಾಮ್‌ನಲ್ಲಿ ಮಾತ್ರ ಮೇಲಿರುವ ತಂಡ ಹುಡುಕಿ. ವರ್ಷಕ್ಕೆ ಒಂದೆರಡಾದರೂ ಸಿಗುತ್ತವೆ. ಬುಧವಾರ ರಾತ್ರಿ ಗಾಯಾಳುಗಳ ಪಟ್ಟಿ ಒಮ್ಮೆ ನೋಡಿ ಬದಲಿಸುವುದಿದ್ದರೆ ಬದಲಿಸಿ. ಗುರುವಾರ ನ್ಯೂಯಾರ್ಕ್ ಸಮಯ ಮಧ್ಯಾಹ್ನ 12 ದಾಟಿ ಮೊದಲ ಪಂದ್ಯ ಶುರುವಾದರೆ, ಬೆಂಗಳೂರಲ್ಲಿ ಆಗ ರಾತ್ರಿ ಹತ್ತರ ಒಳಗೇ, ಬ್ರಾಕೆಟ್‌ಗೆ ಬೀಗ ಬೀಳುತ್ತದೆ. ಫೈನಲ್ ಸೋಮವಾರ ರಾತ್ರಿ, ಇಲ್ಲಿಂದ ನೋಡುವವರಿಗೆ ಮಂಗಳವಾರ ಬೆಳಿಗ್ಗೆ 6 ದಾಟಿದ ಮೇಲೆ.